ನೀರಿಗಿಳಿಯುವ ಮುನ್ನ

ಎಷ್ಟೇ ದೊಡ್ಡ ಮನೆಯಾದರೂ ಅದರ ಬಾಗಿಲು ಚಿಕ್ಕದು. ಸಾವಿರ ಜನ ಸುಖವಾಗಿ ಕುಳಿತುಕೊಳ್ಳಬಹುದಾದ ರಂಗಮಂದಿರಕ್ಕೆ ನಾಲ್ಕು ಮಂದಿ ಸಾಲಾಗಿ ನಡೆಯುವಷ್ಟು ಅಗಲದ ದ್ವಾರವಿರುತ್ತದೆ. ಒಳಗೆ ಕುಳಿತ ಮೇಲೆ ಎಲ್ಲರೂ ಸಭ್ಯರೇ; ಯಾರು ಎಷ್ಟು ಸಭ್ಯರೆಂಬುದು ತಿಳಿಯುವುದು ಆ ಬಾಗಿಲನ್ನು ದಾಟುವಾಗ. ಈ ಮಾತು ಕಟ್ಟಡಗಳಿಗೆ ಸಲ್ಲುವಂತೆ ಸರೋವರಗಳಿಗೂ ಸಲ್ಲುತ್ತದೆ ಎಂದರೆ ಓದುಗರು ಆಶ್ಚರ್ಯಪಡಬಹುದು. ಅಮೆರಿಕದ ಮಿನೆಸೋಟಾ ಸಂಸ್ಥಾನದಲ್ಲಿ ಮಿನಿಯಾಪೊಲಿಸ್ ನಗರದ ಪಶ್ಚಿಮಕ್ಕೆ ಮಿನೆಟೊಂಕ ಎಂಬ ಸರೋವರವಿದೆ. ಅದರ ವಿಸ್ತಾರ ಸುಮಾರು 14,500 ಎಕರೆ. ಅಷ್ಟು ದೊಡ್ಡ ನೀರಿಗೆ ಮೋಟಾರು ದೋಣಿಯನ್ನು ಇಳಿಸಬೇಕಾದರೆ ಒಂದು ಕಾರು ಹಿಂದಕ್ಕೆ ಸರಿಯುವಷ್ಟೇ ಅಗಲವಾದ ಕಾಂಕ್ರೀಟಿನ ಇಳಿಜಾರಿನ ಮೂಲಕ ಹೋಗಬೇಕು. ಬೇಸಗೆಯ ಶನಿವಾರ ಬೆಳಿಗ್ಗೆ ಅಂಥ ಇಳಿಜಾರಿನ ಮುಂದೆ ನಿಂತರೆ ಸಾಕು, ಒಂದು ಸಮಾಜದ ನಡೆನುಡಿಯೆಲ್ಲ ಅರ್ಧ ಗಂಟೆಯಲ್ಲಿ ಕಣ್ಣಿಗೆ ಬೀಳುತ್ತದೆ.

ಮಿನೆಸೋಟಾವನ್ನು ಅಲ್ಲಿಯವರು ಹತ್ತು ಸಾವಿರ ಸರೋವರಗಳ ನಾಡು ಎಂದು ಕರೆಯುತ್ತಾರೆ. ಇದು ಬಡಾಯಿಯ ಮಾತಲ್ಲ, ಸಂಕೋಚದ ಮಾತು. ಹತ್ತು ಎಕರೆಗಿಂತ ದೊಡ್ಡವಾದ ಸರೋವರಗಳನ್ನು ಮಾತ್ರ ಎಣಿಸಿದರೂ ಅವು 11,842 ಆಗುತ್ತವೆ. ಚಳಿಗಾಲದಲ್ಲಿ ಇವೆಲ್ಲ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತವೆ. ಬಹುಪಾಲು ಸರೋವರಗಳ ಮಂಜುಗಡ್ಡೆ ಕರಗುವುದು ಏಪ್ರಿಲ್ ತಿಂಗಳಲ್ಲಿ. ಮೇ ತಿಂಗಳ ನಡುವೆ ಮೀನು ಹಿಡಿಯುವ ಕಾಲ ತೆರೆಯುತ್ತದೆ. ಸೆಪ್ಟೆಂಬರ್ ಕಳೆಯಿತೆಂದರೆ ಮತ್ತೆ ಚಳಿ. ಹೀಗೆ ನೀರಿನ ಮೇಲೆ ವಿಹರಿಸುವುದಕ್ಕೆ ವರ್ಷದಲ್ಲಿ ದೊರೆಯುವ ವಾರಾಂತ್ಯಗಳು ಕೈಬೆರಳಿನ ಎಣಿಕೆಗಿಂತ ತುಸು ಹೆಚ್ಚು ಅಷ್ಟೆ. ಆ ಸಂಸ್ಥಾನದಲ್ಲಿ ನೋಂದಣಿಯಾಗಿರುವ ದೋಣಿಗಳಾದರೋ ಎಂಟು ಲಕ್ಷಕ್ಕೂ ಮಿಗಿಲು. ಕಾಲ ಕಡಿಮೆ, ಬಾಗಿಲು ಕಿರಿದು, ಜನ ಬಹಳ. ಸಭ್ಯತೆಯ ಅವಶ್ಯಕತೆ ಹುಟ್ಟುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ?

ಈ ವಿಷಯ ಬೆಂಗಳೂರು, ಮೈಸೂರು, ಧಾರವಾಡಗಳ ಮನೆಗಳಿಗೂ ಸಂಪೂರ್ಣವಾಗಿ ಹೊರತಾದುದಲ್ಲ. ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳು ಇಂದು ಈ ಊರುಗಳಲ್ಲಿ ಬೀದಿಗೊಂದರಂತೆ ಇವೆ. ಸರೋವರದ ಸೀಮೆಯಲ್ಲಿ ಮನೆ ಮಾಡಿದವರಿಗೆ ಇಂದಲ್ಲ ನಾಳೆ ದೋಣಿಯ ಆಸೆ ಹುಟ್ಟುವುದು ಸಹಜ. ಬೇಸಗೆಯಲ್ಲಿ ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳು ಕೈಯಲ್ಲಿ ಬುತ್ತಿಯ ಡಬ್ಬಿ ಹಿಡಿದು ಆ ಇಳಿಜಾರಿನ ಬಳಿ ನಿಲ್ಲಬೇಕಾಗಿ ಬಂದರೆ, ಅಲ್ಲಿ ನಡೆಯುವುದೇನು, ಅಲ್ಲಿನ ರೀತಿನೀತಿಗಳೇನು ಎಂಬುದು ತಿಳಿದಿರುವುದು ಒಳ್ಳೆಯದೇ.

ಮೊದಲು ಈ ಇಳಿಜಾರು ಹೇಗೆ ಬಂತೆಂಬುದನ್ನು ನೋಡಬೇಕು. ಹಿಂದೆ ದೋಣಿಯೆಂದರೆ ದಡದಲ್ಲಿ ಮನೆಯುಳ್ಳವರ ಸೊತ್ತು. ಅದು ಇದ್ದ ನೀರಿನಲ್ಲಿಯೇ ಇರುತ್ತಿತ್ತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ದೋಣಿಯ ಹಿಂಬದಿಗೆ ಸಿಕ್ಕಿಸಬಹುದಾದ ಸಣ್ಣ ಮೋಟಾರನ್ನು ಮಾರುಕಟ್ಟೆಗೆ ತಂದು ಹುಟ್ಟುಹಾಕುವ ಶ್ರಮವನ್ನು ತಪ್ಪಿಸಿದ. ಎರಡನೆಯ ಮಹಾಯುದ್ಧದ ಅನಂತರ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸಿನ ಹಗುರವಾದ ದೋಣಿಗಳು ಬಂದವು. ಕಾರುಗಳೂ ಹೆದ್ದಾರಿಗಳೂ ಬೆಳೆದವು. ಕಾರಿನ ಹಿಂದೆ ಎರಡು ಗಾಲಿಯ ಟ್ರೇಲರನ್ನು ಕಟ್ಟಿ, ಅದರ ಮೇಲೆ ದೋಣಿಯನ್ನಿಟ್ಟು, ಊರೊಳಗೆ ವಾಸಿಸುವ ಸಾಮಾನ್ಯ ಸಂಸಾರಸ್ಥನೂ ಬೇಕಾದ ಸರೋವರಕ್ಕೆ ಹೋಗುವಂತಾಯಿತು. ಆದರೆ ದಡವೆಲ್ಲ ಖಾಸಗಿಯವರದಾದರೆ ಅವನು ನೀರಿಗಿಳಿಯುವುದೆಲ್ಲಿ?

ಇದಕ್ಕೆ ಆ ದೇಶದವರು ಕಂಡುಕೊಂಡ ಉಪಾಯ ಗಮನಾರ್ಹವಾದುದು. 1950ರಲ್ಲಿ ಅವರ ಕಾಂಗ್ರೆಸ್ ಸಭೆ ಒಂದು ಶಾಸನವನ್ನು ಮಾಡಿ, ಮೀನಿನ ಗಾಳ ಮೊದಲಾದ ಸಾಮಗ್ರಿಗಳ ಮೇಲಿನ ತೆರಿಗೆಯ ಹಣವನ್ನು ಮೀನುಗಳ ಸಂರಕ್ಷಣೆಗೆ ಮೀಸಲಾಗಿರಿಸಿತು. 1984ರ ತಿದ್ದುಪಡಿಯಿಂದ ಮೋಟಾರು ದೋಣಿಗಳು ಉರಿಸುವ ಇಂಧನದ ತೆರಿಗೆಯೂ ಆ ನಿಧಿಗೆ ಸೇರಿತು. ಅದರಲ್ಲೊಂದು ಪಾಲನ್ನು ಸಾರ್ವಜನಿಕರು ನೀರಿಗಿಳಿಯುವ ಸ್ಥಳಗಳಿಗೇ ವೆಚ್ಚಮಾಡಬೇಕೆಂಬ ನಿಯಮವೂ ಆಯಿತು. ಸಂಸ್ಥಾನಗಳಿಗೆ ಸಂದಾಯವಾಗುವ ಹಣದಲ್ಲಿ ಇಂದು ಆ ಪಾಲು ನೂರಕ್ಕೆ 15. ಅಂದರೆ ಸಾರ್ವಜನಿಕ ಇಳಿಜಾರಿಗೆ ಬರುವ ಪ್ರತಿಯೊಬ್ಬನೂ ಗಾಳ ಕೊಂಡಾಗ, ಪೆಟ್ರೋಲು ತುಂಬಿದಾಗ ಅದರ ಬೆಲೆಯನ್ನು ತೆತ್ತವನೇ. ಹತ್ತು ಅಡಿಯ ಹಳೆಯ ದೋಣಿಯವನಿಗೂ ಲಕ್ಷ ಡಾಲರಿನ ಹೊಸ ದೋಣಿಯವನಿಗೂ ಅಲ್ಲಿ ಒಂದೇ ಹಕ್ಕು, ಒಂದೇ ಸರದಿ. ಮುಂದೆ ಹೇಳುವ ರೀತಿನೀತಿಗಳಿಗೆಲ್ಲ ಇದೇ ತಳಹದಿ.

ಇಳಿಜಾರಿನ ರಚನೆ ಸರಳವಾದುದು. ನೂರು ಅಡಿಗೆ ಹನ್ನೆರಡರಿಂದ ಹದಿನೈದು ಅಡಿಯಷ್ಟು ತಗ್ಗುವಂತೆ ಕಾಂಕ್ರೀಟನ್ನು ನೀರಿನೊಳಕ್ಕೆ ಹಾಸಿರುತ್ತಾರೆ. ಜಾರದಿರಲೆಂದು ಅದರ ಮೇಲೆ ಗೀರುಗಳಿರುತ್ತವೆ. ಪಕ್ಕದಲ್ಲಿ ಕನ್ನಡ ಕರಾವಳಿಯವರು ದಕ್ಕೆ ಎನ್ನುವಂಥ, ನೀರಿನೊಳಕ್ಕೆ ಚಾಚಿದ ಹಲಗೆಯ ಕಟ್ಟೆಯೊಂದು ಇರುತ್ತದೆ. ಕಾರನ್ನು ಹಿಮ್ಮುಖವಾಗಿ ನಡೆಸಿ ಟ್ರೇಲರನ್ನು ನೀರಿಗೆ ತಳ್ಳಿದರೆ ದೋಣಿ ತಾನಾಗಿ ತೇಲುತ್ತದೆ. ಅದನ್ನು ಹಗ್ಗದಿಂದ ಹಿಡಿದು ದಕ್ಕೆಗೆ ಕಟ್ಟಿ, ಬರಿಯ ಟ್ರೇಲರನ್ನು ಮೇಲಕ್ಕೆ ಒಯ್ದು ನಿಲ್ಲಿಸಬೇಕು. ಕೈಪಳಗಿದವರಿಗೆ ಇದು ಕೆಲವೇ ನಿಮಿಷಗಳ ಕೆಲಸ. ಪಳಗದವರಿಗೆ ಅರ್ಧ ಗಂಟೆಯಾದರೂ ಸಾಲದು. ಹಿಂದೆ ಹತ್ತು ಕಾರುಗಳು ಕಾದಿದ್ದರೆ ಆ ಅರ್ಧ ಗಂಟೆ ಹತ್ತು ಸಂಸಾರಗಳ ಅರ್ಧ ಗಂಟೆಯಾಗುತ್ತದೆ.

ಆದುದರಿಂದ ಹೊಸ ದೋಣಿಯ ಯಜಮಾನ ಕಲಿಯಬೇಕಾದ ಮೊದಲನೆಯ ಪಾಠ ನೀರಿನಿಂದ ದೂರದಲ್ಲಿಯೇ ಆರಂಭವಾಗುತ್ತದೆ. ಇಳಿಜಾರಿನ ಮೇಲ್ಗಡೆ, ದಾರಿಗೆ ಅಡ್ಡವಾಗದಂತೆ, ಸಿದ್ಧತೆಗೆಂದೇ ಬಿಟ್ಟ ಜಾಗವಿರುತ್ತದೆ. ದೋಣಿಗೆ ಮುಚ್ಚಿದ ಹೊದಿಕೆಯನ್ನು ತೆಗೆಯುವುದು, ಹಿಂಭಾಗವನ್ನು ಬಿಗಿದ ಪಟ್ಟಿಗಳನ್ನು ಬಿಚ್ಚುವುದು, ಬುತ್ತಿ, ಗಾಳ, ಬಟ್ಟೆಬರೆಗಳನ್ನು ಒಳಗಿಡುವುದು, ಮುಂದಕ್ಕೂ ಹಿಂದಕ್ಕೂ ಹಗ್ಗ ಕಟ್ಟುವುದು, ಟ್ರೇಲರಿನ ದೀಪದ ತಂತಿಯನ್ನು ಬಿಡಿಸುವುದು, ಬ್ಯಾಟರಿಗೆ ಜೀವವಿದೆಯೇ ಎಂದು ಪರೀಕ್ಷಿಸುವುದು, ಇವೆಲ್ಲ ಅಲ್ಲಿಯೇ ಮುಗಿಯಬೇಕು. ಮುಂತುದಿಯನ್ನು ರಾಟೆಗೆ ಹಿಡಿದಿರುವ ಪಟ್ಟಿಯೊಂದನ್ನು ಮಾತ್ರ ದೋಣಿ ನೀರು ಮುಟ್ಟುವವರೆಗೆ ಬಿಚ್ಚಬಾರದು. ಮೊದಲೇ ಬಿಚ್ಚಿದರೆ ದೋಣಿ ಕಾಂಕ್ರೀಟಿನ ಮೇಲೆಯೇ ಜಾರಿ ಬಿದ್ದೀತು. ಇಳಿಜಾರಿನ ನಡುವೆ ಕಾರನ್ನು ನಿಲ್ಲಿಸಿಕೊಂಡು ಹೊದಿಕೆಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗುವುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ. ವ್ಯತ್ಯಾಸವಿಷ್ಟೆ: ಇಲ್ಲಿ ಕಷ್ಟಪಡುವವರು ಹಿಂದೆ ಕಾದವರು.

ಇನ್ನೊಂದು ವಸ್ತುವಿದೆ, ಗಾತ್ರದಲ್ಲಿ ಹೆಬ್ಬೆರಳಿನಷ್ಟು, ಮಹತ್ವದಲ್ಲಿ ದೋಣಿಯಷ್ಟು. ದೋಣಿಯ ಹಿಂಭಾಗದ ತಳದಲ್ಲಿ ಒಳಗಿನ ನೀರು ಹೊರಹೋಗಲು ಒಂದು ರಂಧ್ರವಿರುತ್ತದೆ; ಅದಕ್ಕೊಂದು ಬೂಚು. ಪ್ರಯಾಣಕಾಲದಲ್ಲಿ ಅದು ತೆಗೆದಿರಬೇಕು, ನೀರಿಗಿಳಿಯುವಾಗ ಹಾಕಿರಬೇಕು. ಮರೆತವನ ದೋಣಿ ಸೊಗಸಾಗಿ ತೇಲಿ, ದಕ್ಕೆಯ ಪಕ್ಕದಲ್ಲಿ ನಿಂತು, ಮನೆಯವರೆಲ್ಲ ಹತ್ತುವ ವೇಳೆಗೆ ಸದ್ದಿಲ್ಲದೆ ಕೆಳಗಿಳಿಯತೊಡಗುತ್ತದೆ. ಆ ಸ್ಥಿತಿಯಲ್ಲಿ ದೋಣಿಯನ್ನು ಮತ್ತೆ ಟ್ರೇಲರಿಗೆ ಏರಿಸುವ ಸಾಹಸವನ್ನು ನೋಡಿದವರು ಮರೆಯಲಾರರು. ಅನುಭವಿಸಿದವನಂತೂ ಎಂದೂ ಮರೆಯಲಾರ. ಬೂಚನ್ನು ಕಾರಿನ ಬೀಗದಕೈಯೊಡನೆ ಕಟ್ಟಿಟ್ಟುಕೊಳ್ಳುವ ಜಾಣರೂ ಉಂಟು.

ಸರದಿಯ ವಿಷಯ. ಸಿದ್ಧರಾದವರು ಬಂದ ಕ್ರಮದಲ್ಲಿ ಸಾಲು ನಿಲ್ಲುತ್ತಾರೆ. ಸಿದ್ಧತೆಯ ಜಾಗದಲ್ಲಿ ಇನ್ನೂ ಪಟ್ಟಿ ಬಿಚ್ಚುತ್ತಿರುವವನನ್ನು ದಾಟಿ ಮುಂದೆ ಹೋಗುವುದು ತಪ್ಪಲ್ಲ. ಆದರೆ ಒಂದು ಮಾತು ಕೇಳಿ ಹೋಗುವುದು ಲಕ್ಷಣ. ಎರಡು ಸಾಲಿನ ಇಳಿಜಾರಿದ್ದರೆ ಒಂದೇ ಸಾಲನ್ನು ಬಳಸಬೇಕು. ನಡುವೆ ಕಾರನ್ನು ನಿಲ್ಲಿಸಿ ಎರಡನ್ನೂ ಕಟ್ಟಿಹಾಕುವವನು ತನ್ನ ಅಜ್ಞಾನವನ್ನು ಊರಿಗೆಲ್ಲ ಸಾರಿದಂತಾಗುತ್ತದೆ. ಕೈಯಲ್ಲಿ ಎತ್ತಬಹುದಾದ ಕಿರುದೋಣಿಯವರು ಇಳಿಜಾರಿನ ಪಕ್ಕದ ಹುಲ್ಲುದಂಡೆಯಿಂದ ಇಳಿದರೆ ಸಾಲಿನ ಭಾರ ಅಷ್ಟು ಕಡಿಮೆಯಾಗುತ್ತದೆ. ನಸುಕಿನಲ್ಲಿ ಬಂದವರು ಇಳಿಜಾರಿನ ಕಡೆಗೆ ಮುಖಮಾಡಿ ನಿಂತಿರುವಾಗ ಕಾರಿನ ಮುಂದೀಪಗಳನ್ನು ಆರಿಸಬೇಕು. ಇಲ್ಲವಾದರೆ ಕನ್ನಡಿ ನೋಡುತ್ತ ಹಿಂದಕ್ಕೆ ಬರುತ್ತಿರುವವನ ಕಣ್ಣು ಕುರುಡಾಗುತ್ತದೆ. ಆ ಹೊತ್ತಿನಲ್ಲಿ ಸುತ್ತಲಿನ ಮನೆಗಳಲ್ಲಿ ಜನ ಮಲಗಿರುತ್ತಾರೆ. ಗಟ್ಟಿಯಾದ ಸಂಗೀತವನ್ನು ನಡುನೀರಿನವರೆಗೆ ಕಾಯಿಸಿದರೆ ಸಂಗೀತಕ್ಕೇನೂ ನಷ್ಟವಿಲ್ಲ.

ಇನ್ನು ಹಿಮ್ಮುಖ ಚಾಲನೆ. ಟ್ರೇಲರ್ ಕಟ್ಟಿದ ಕಾರನ್ನು ಹಿಂದಕ್ಕೆ ನಡೆಸುವುದು ಮನುಷ್ಯನ ಬುದ್ಧಿಗೆ ವಿರುದ್ಧವಾದ ವಿದ್ಯೆ. ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೊರಳುತ್ತದೆ. ತಿದ್ದಲು ಹೋದರೆ ಮತ್ತಷ್ಟು ಹೊರಳಿ ಮಡಚಿದ ಚಾಕುವಿನಂತೆ ನಿಲ್ಲುತ್ತದೆ. ಹಳಬರು ಹೇಳಿಕೊಡುವ ಉಪಾಯವೊಂದಿದೆ. ಸ್ಟೀರಿಂಗ್ ಚಕ್ರದ ಕೆಳತುದಿಯನ್ನು ಒಂದು ಕೈಯಿಂದ ಹಿಡಿಯಬೇಕು. ಆಗ ಕೈ ಯಾವ ಕಡೆಗೆ ಸರಿಯುತ್ತದೆಯೋ ಟ್ರೇಲರೂ ಅದೇ ಕಡೆಗೆ ಸರಿಯುತ್ತದೆ. ನಿಧಾನವಾಗಿ ನಡೆಸಬೇಕು, ಸ್ವಲ್ಪವೇ ತಿರುಗಿಸಬೇಕು, ವಕ್ರವಾದರೆ ಮುಂದಕ್ಕೆಳೆದು ನೇರಮಾಡಿಕೊಂಡು ಪುನಃ ಆರಂಭಿಸಬೇಕು. ಇದನ್ನು ಕಲಿಯಬೇಕಾದದ್ದು ಶನಿವಾರದ ಸಂದಣಿಯಲ್ಲಲ್ಲ. ಅಂಗಡಿಗಳು ಮುಚ್ಚಿದ ಮೇಲೆ ಅವುಗಳ ಮುಂದಿನ ಬರಿದಾದ ಬಯಲಿನಲ್ಲಿ, ಎರಡು ಡಬ್ಬಿಗಳನ್ನು ಗುರುತಾಗಿ ಇಟ್ಟುಕೊಂಡು. ನಾಲ್ಕು ಸಂಜೆಗಳ ಅಭ್ಯಾಸ ನೂರು ಜನರ ಬೆಳಗನ್ನು ಉಳಿಸುತ್ತದೆ.

ಅಲ್ಲಿ ಹೆಂಡತಿಯೂ ಜೊತೆಗಿದ್ದರೆ ಮೇಲು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದ್ದಾರೆ. ಆದರೆ ಅವರು ದೋಣಿ ಇಳಿಸುವ ಕಟ್ಟೆಯನ್ನು ನೋಡಿರಲಿಲ್ಲ. ಕಾರಿನೊಳಗೆ ಗಂಡ, ದಕ್ಕೆಯ ಮೇಲೆ ಹಗ್ಗ ಹಿಡಿದ ಹೆಂಡತಿ. ಆಕೆ ಕೈಬೀಸಿದ್ದು ‘ಬನ್ನಿ’ ಎಂದೋ ‘ನಿಲ್ಲಿ’ ಎಂದೋ ತಿಳಿಯದೆ ಆತ ಕೂಗುತ್ತಾನೆ. ಆತ ಕೂಗಿದ್ದು ಇಂಜಿನಿನ ಸದ್ದಿನಲ್ಲಿ ಕೇಳಿಸದೆ ಆಕೆ ಹಗ್ಗ ಬಿಡುತ್ತಾಳೆ. ದೋಣಿ ಇಬ್ಬರನ್ನೂ ಬಿಟ್ಟು ಹೊರಡುತ್ತದೆ. ಕಾದು ನಿಂತವರಿಗೆ ಇದು ಪುಕ್ಕಟೆ ನಾಟಕ. ಮನೆಯಲ್ಲಿಯೇ ನಾಲ್ಕು ಸನ್ನೆಗಳನ್ನು ಗೊತ್ತುಮಾಡಿಕೊಂಡು, ಯಾರು ಕಾರಿನಲ್ಲಿ, ಯಾರು ಹಗ್ಗದಲ್ಲಿ ಎಂದು ತೀರ್ಮಾನಿಸಿಕೊಂಡು ಹೊರಟರೆ ಮಾತಿನ ಅವಶ್ಯಕತೆಯೇ ಇರುವುದಿಲ್ಲ. ಚಾಲನೆಯಲ್ಲಿ ಹೆಂಡತಿಯೇ ಹೆಚ್ಚು ನಿಪುಣೆಯಾಗಿದ್ದರೆ ಹಗ್ಗವನ್ನು ಗಂಡ ಹಿಡಿಯುವುದರಲ್ಲಿ ಅವಮಾನವೇನೂ ಇಲ್ಲ.

ಈ ನಾಟಕ ಕೆಲವೊಮ್ಮೆ ನಗೆಯಲ್ಲಿ ಮುಗಿಯುವುದಿಲ್ಲ ಎಂಬುದನ್ನೂ ನೆನೆಯಬೇಕು. ನೀರಿನ ಅಂಚಿನ ಕಾಂಕ್ರೀಟಿನ ಮೇಲೆ ಪಾಚಿ ಬೆಳೆದು ಬೆಣ್ಣೆ ಸವರಿದಂತಿರುತ್ತದೆ. ಕೈಬ್ರೇಕನ್ನು ಹಾಕದೆ ಇಳಿದವರ ಕಾರುಗಳು ಟ್ರೇಲರಿನೊಡನೆ ನೀರುಪಾಲಾಗಿರುವುದುಂಟು. ಬ್ರೇಕು ಹಾಕಿದ ಮೇಲೂ ಗಾಲಿಯ ಹಿಂದೊಂದು ಮರದ ತುಂಡನ್ನಿಡುವುದು ವಿವೇಕ. ಸರಿಯುತ್ತಿರುವ ಟ್ರೇಲರಿನ ಹಿಂದೆ ಯಾರೂ ನಿಲ್ಲಕೂಡದು. ಮಕ್ಕಳನ್ನು ಒಬ್ಬ ಹಿರಿಯರು ಕೈಹಿಡಿದು ದೂರದಲ್ಲಿ ನಿಲ್ಲಿಸಿಕೊಂಡಿರಬೇಕು. ಇಳಿಜಾರು ಈಜುವ ಜಾಗವೂ ಅಲ್ಲ, ಆಟದ ಜಾಗವೂ ಅಲ್ಲ. ಚಲಿಸುವ ದೋಣಿಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ತೇಲುವ ಕವಚವನ್ನು, ಅಂದರೆ ಲೈಫ್ ಜಾಕೆಟನ್ನು, ತೊಟ್ಟಿರಲೇಬೇಕೆಂದು ಮಿನೆಸೋಟಾದ ಕಾನೂನು ವಿಧಿಸುತ್ತದೆ. ಅದನ್ನು ಕಾರಿನ ಬಳಿಯೇ ತೊಡಿಸುವುದು ಅನುಭವಸ್ಥರ ಪದ್ಧತಿ. ದಕ್ಕೆಯಿಂದ ಬಿದ್ದರೂ ನೀರು ನೀರೇ ಅಲ್ಲವೆ? ಪೆಟ್ರೋಲಿನ ಇಂಜಿನು ದೋಣಿಯ ಹೊಟ್ಟೆಯೊಳಗಿರುವ ಪಕ್ಷದಲ್ಲಿ, ಅದನ್ನು ಚಾಲೂ ಮಾಡುವ ಮುನ್ನ ಕನಿಷ್ಠ ನಾಲ್ಕು ನಿಮಿಷ ಗಾಳಿಯಂತ್ರವನ್ನು ನಡೆಸಿ ಒಳಗೆ ಕೂಡಿಕೊಂಡ ಆವಿಯನ್ನು ಹೊರಹಾಕಬೇಕು. ಆ ನಾಲ್ಕು ನಿಮಿಷಗಳ ಅವಸರಕ್ಕೆ ಬೆಲೆ ಬೆಂಕಿಯಾಗಬಹುದು.

ದೋಣಿ ತೇಲಿದ ಕೂಡಲೆ ಅದನ್ನು ದಕ್ಕೆಯ ದೂರದ ತುದಿಗೆ ನಡೆಸಿ ಕಟ್ಟಬೇಕು. ಇಳಿಜಾರಿಗೆ ಹತ್ತಿರದ ಭಾಗ ಮುಂದಿನವನಿಗೆ ಸೇರಿದ್ದು. ಕಾರನ್ನು ಟ್ರೇಲರ್ ಸಮೇತ ನಿಲ್ಲಿಸಲು ಗುರುತು ಹಾಕಿದ ಉದ್ದನೆಯ ಅಂಕಣಗಳಿರುತ್ತವೆ. ಒಂದನ್ನು ನೆಟ್ಟಗೆ ತುಂಬಬೇಕೇ ಹೊರತು ಎರಡನ್ನು ಓರೆಯಾಗಿ ಆಕ್ರಮಿಸಬಾರದು. ಅಣಿಯಾದ ದೋಣಿಯನ್ನು ದಕ್ಕೆಗೆ ಕಟ್ಟಿಹಾಕಿ, ನೆಂಟರು ಬರಲೆಂದು ಅಲ್ಲಿಯೇ ಹರಟುತ್ತ ಕುಳಿತುಕೊಳ್ಳುವುದು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬೀಳ್ಕೊಡುಗೆಯ ಭಾಷಣ ಮಾಡಿದಂತೆ.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಇಂಜಿನು ಹಟ ಹಿಡಿಯುತ್ತದೆ. ಎರಡು ಮೂರು ಸಲ ಪ್ರಯತ್ನಿಸಿ ಆಗದಿದ್ದರೆ ದೋಣಿಯನ್ನು ಪಕ್ಕಕ್ಕೆ ಒಯ್ಯಬೇಕು, ಇಲ್ಲವೆ ಮತ್ತೆ ಟ್ರೇಲರಿಗೆ ಏರಿಸಿ ಮೇಲಕ್ಕೆ ತರಬೇಕು. ಇಳಿಜಾರನ್ನು ದುರಸ್ತಿಯ ಕಾರ್ಖಾನೆಯನ್ನಾಗಿ ಮಾಡಬಾರದು. ಈ ಹಿಮ್ಮೆಟ್ಟುವಿಕೆ ಹೊಸಬನಿಗೆ ಬಹಳ ಕಷ್ಟವೆನಿಸುತ್ತದೆ. ಮಕ್ಕಳ ಮುಖ ಬಾಡುತ್ತದೆ. ಆದರೆ ಹೀಗೆ ತಾನಾಗಿ ಸರಿದು ದಾರಿಬಿಟ್ಟವನ ಬಳಿಗೆ ಹತ್ತು ಜನ ಸಲಕರಣೆಯ ಪೆಟ್ಟಿಗೆ ಹಿಡಿದು ಬರುತ್ತಾರೆ. ದಾರಿಗಡ್ಡವಾಗಿ ಕುಳಿತವನ ಬಳಿಗೆ ಯಾರೂ ಬರುವುದಿಲ್ಲ.

ಇದು ಕಾದವರ ಕರ್ತವ್ಯದ ಮಾತಿಗೆ ತರುತ್ತದೆ. ಸಭ್ಯತೆ ಇಳಿಸುವವನದು ಮಾತ್ರವಲ್ಲ. ತಡಬಡಿಸುವವನನ್ನು ನೋಡಿ ಹಾರನ್ನು ಒತ್ತುವುದರಿಂದ ಅವನ ಕೈ ಇನ್ನಷ್ಟು ನಡುಗುತ್ತದೆ, ಕೆಲಸ ಇನ್ನಷ್ಟು ತಡವಾಗುತ್ತದೆ. ಕಾರಿನಿಂದಿಳಿದು ಹತ್ತಿರ ಹೋಗಿ, ‘ಹಗ್ಗವನ್ನು ನಾನು ಹಿಡಿಯಲೇ?’ ಎಂದು ಕೇಳುವವನು ಅವನಿಗೂ ತನಗೂ ಹತ್ತು ನಿಮಿಷಗಳನ್ನು ಉಳಿಸುತ್ತಾನೆ. ಕೇಳದೆಯೇ ಉಪದೇಶ ಮಾಡುವುದು ಬೇರೆ. ಕೈ ನೀಡುವುದು ಬೇರೆ. ಹೊಸಬನೂ ‘ಇದು ನನಗೆ ಮೊದಲನೆಯ ಸಲ’ ಎಂದು ಹೇಳಿಬಿಡಲು ನಾಚಬಾರದು. ಆ ಒಂದು ಮಾತಿಗೆ ಕರಗದವರು ವಿರಳ. ಸರೋವರದ ದಂಡೆಯಲ್ಲಿ ಜನ ಅನನುಭವವನ್ನು ಸುಲಭವಾಗಿ ಕ್ಷಮಿಸುತ್ತಾರೆ; ಅವರು ಕ್ಷಮಿಸದೆ ಇರುವುದು ಅಲಕ್ಷ್ಯವನ್ನು. ಬಾರದವನು ಕಲಿಯಬಲ್ಲ, ಬೇರೆಯವರು ಇದ್ದಾರೆಂಬುದನ್ನೇ ಗಮನಿಸದವನಿಗೆ ಕಲಿಸುವುದು ಹೇಗೆ?

ಸಂಜೆ ಹಿಂದಿರುಗುವಾಗ ಪರೀಕ್ಷೆ ಇನ್ನೂ ಕಠಿಣ. ಬಿಸಿಲಿನಲ್ಲಿ ಬಳಲಿರುತ್ತಾರೆ, ಮಕ್ಕಳು ಅಳುತ್ತಿರುತ್ತಾರೆ, ಎಲ್ಲರಿಗೂ ಮನೆಯ ನೆನಪು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಬುದ್ಧಿ ತಲೆಯೆತ್ತುವುದು ಈಗಲೇ. ದೋಣಿಯನ್ನು ಅಲೆಯೇಳದಷ್ಟು ನಿಧಾನವಾಗಿ ದಡದತ್ತ ತರಬೇಕು. ಒಬ್ಬರು ಇಳಿದು ಕಾರು ತರಲು ಹೋದಾಗ, ತಮ್ಮ ಸರದಿ ಬರುವವರೆಗೆ ದೋಣಿ ದಕ್ಕೆಯಿಂದ ದೂರದಲ್ಲಿ ಕಾದಿರಬೇಕು. ಟ್ರೇಲರ್ ನೀರಿಗಿಳಿದ ಮೇಲೆ ದೋಣಿಯನ್ನು ರಾಟೆಯಿಂದ ಎಳೆದು ಕೂರಿಸುವುದು ಕ್ರಮ. ಕೆಲವರು ಇಂಜಿನನ್ನು ಜೋರಾಗಿ ನಡೆಸಿ ಅದರ ಬಲದಿಂದಲೇ ದೋಣಿಯನ್ನು ಟ್ರೇಲರಿನ ಮೇಲೆ ನುಗ್ಗಿಸುತ್ತಾರೆ. ತಿರುಗುವ ಪ್ರೊಪೆಲ್ಲರಿನ ಸೆಳೆತಕ್ಕೆ ಕಾಂಕ್ರೀಟಿನ ತುದಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ಅಲ್ಲೊಂದು ಗುಂಡಿ, ಅದರಾಚೆಗೆ ಒಂದು ದಿಬ್ಬ ಉಂಟಾಗುತ್ತದೆ. ಮುಂದೆ ಬಂದವನ ಟ್ರೇಲರಿನ ಗಾಲಿ ಗುಂಡಿಗೆ ಬೀಳುತ್ತದೆ. ಮತ್ತೊಬ್ಬನ ದೋಣಿ ದಿಬ್ಬಕ್ಕೆ ತಗಲುತ್ತದೆ. ಅನೇಕ ಕಡೆಗಳಲ್ಲಿ ಇದನ್ನು ನಿಷೇಧಿಸಿ ಫಲಕ ಹಾಕಿರುವುದು ಇದರಿಂದಲೇ. ದೋಣಿ ಮೇಲೆ ಬಂದ ಬಳಿಕ ಪಟ್ಟಿ ಬಿಗಿಯುವುದೂ ಒರಸುವುದೂ ಬೆಳಿಗ್ಗೆಯಂತೆಯೇ ದೂರದ ಜಾಗದಲ್ಲಿ ಆಗಬೇಕು.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ನೆರೆಯವರಿಗೆ ಸಲ್ಲಬೇಕಾದ ಮರ್ಯಾದೆ. ಕಣ್ಣಿಗೆ ಕಾಣದವರಿಗೆ ಸಲ್ಲಬೇಕಾದ ಮರ್ಯಾದೆಯೊಂದಿದೆ. ಅದು ಇದೆಲ್ಲಕ್ಕಿಂತ ಹಿರಿದು.

ಕಪ್ಪುಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಸೀಮೆಯಲ್ಲಿ ಒಂದು ಜಾತಿಯ ಸಣ್ಣ ಕಪ್ಪೆಚಿಪ್ಪಿನ ಜೀವಿಯಿದೆ. ಉಗುರಿನಷ್ಟೇ ಗಾತ್ರ, ಮೈಮೇಲೆ ಪಟ್ಟೆಗಳಿರುವುದರಿಂದ ಅದಕ್ಕೆ ಜೀಬ್ರಾ ಎಂಬ ಹೆಸರು. ಹಡಗುಗಳು ಸಮತೂಕಕ್ಕಾಗಿ ತುಂಬಿಕೊಳ್ಳುವ ನೀರಿನೊಡನೆ ಅದು ಸಾಗರ ದಾಟಿತು. 1988ರಲ್ಲಿ ಅಮೆರಿಕ ಮತ್ತು ಕೆನಡಾಗಳ ಗಡಿಯ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಒಂದು ಹೆಣ್ಣು ಚಿಪ್ಪು ವರ್ಷಕ್ಕೆ ಹತ್ತು ಲಕ್ಷದವರೆಗೆ ಮೊಟ್ಟೆಗಳನ್ನಿಡಬಲ್ಲದು. ಅದರ ಮರಿಗಳು ಬರಿಗಣ್ಣಿಗೆ ಕಾಣಿಸವು. ಬೆಳೆದವು ಕಲ್ಲು, ಕೊಳವೆ, ದೋಣಿಯ ತಳ, ಏನು ಸಿಕ್ಕರೂ ಕಚ್ಚಿಕೊಂಡು ಪದರ ಪದರವಾಗಿ ಬೆಳೆಯುತ್ತವೆ. ನೀರೆತ್ತುವ ಕೊಳವೆಗಳನ್ನು ಮುಚ್ಚುತ್ತವೆ. ಈಜುವವರ ಅಂಗಾಲನ್ನು ಸೀಳುತ್ತವೆ. ಮರಿಮೀನುಗಳಿಗೆ ಆಹಾರವಾದ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದುಬಿಡುತ್ತವೆ. ಆ ನೀರಿನ ಹಳೆಯ ನಿವಾಸಿಗಳಾದ ಚಿಪ್ಪುಜೀವಿಗಳ ಮೈಮೇಲೆ ಬೆಳೆದು ಅವನ್ನು ಉಸಿರುಗಟ್ಟಿಸುತ್ತವೆ. 2010ರಲ್ಲಿ ಅವು ಮಿನೆಟೊಂಕದಲ್ಲಿಯೂ ಕಂಡುಬಂದವು. ಒಂದು ದೊಡ್ಡ ಸರೋವರವನ್ನು ಹೊಕ್ಕು ಹರಡಿದ ಮೇಲೆ ಅವನ್ನು ಅಲ್ಲಿಂದ ಸಂಪೂರ್ಣವಾಗಿ ಹೊರಹಾಕುವ ಉಪಾಯ ಮನುಷ್ಯನ ಕೈಯಲ್ಲಿಲ್ಲವೆಂದೇ ಹೇಳಬೇಕು.

ಒಂದು ಸರೋವರದಿಂದ ಇನ್ನೊಂದಕ್ಕೆ ಈ ಜೀವಿ ನೆಲದ ಮೇಲೆ ನಡೆದು ಹೋಗಲಾರದು. ಅದನ್ನು ಹೊತ್ತೊಯ್ಯುವವನು ಮನುಷ್ಯ. ದೋಣಿಯ ತಳದಲ್ಲುಳಿದ ಒಂದು ಚೊಂಬು ನೀರು, ಟ್ರೇಲರಿನ ಗಾಲಿಗೆ ಸುತ್ತಿಕೊಂಡ ಒಂದೆಳೆ ಜೊಂಡು, ಮೀನಿನ ಎರೆಯ ಡಬ್ಬಿ, ಇಷ್ಟು ಸಾಕು. ಹೀಗಾಗಿ ಸಂಜೆ ಮನೆಗೆ ಹೊರಡುವ ಮುನ್ನ ಮಾಡಬೇಕಾದ ಮೂರು ಕೆಲಸಗಳನ್ನು ಆ ನಾಡಿನ ಇಳಿಜಾರುಗಳಲ್ಲಿ ಫಲಕ ಬರೆದು ಹಾಕಿದ್ದಾರೆ: ತೊಳೆ, ಬಸಿ, ಒಣಗಿಸು. ಕಾಣುವ ಜೊಂಡನ್ನೂ ಚಿಪ್ಪನ್ನೂ ಕಿತ್ತು ತೆಗೆಯಬೇಕು. ಬೂಚನ್ನು ಬಿಚ್ಚಿ ನೀರನ್ನೆಲ್ಲ ಬಸಿಯಬೇಕು. ಬೂಚು ತೆಗೆದ ಸ್ಥಿತಿಯಲ್ಲಿಯೇ ದೋಣಿ ರಸ್ತೆಯ ಮೇಲೆ ಸಾಗಬೇಕೆಂದು ಮಿನೆಸೋಟಾದಲ್ಲಿ ಕಾನೂನೇ ಇದೆ. ಉಳಿದ ಎರೆಯನ್ನು ನೀರಿಗೆ ಚೆಲ್ಲದೆ ಕಸದ ತೊಟ್ಟಿಗೆ ಹಾಕಬೇಕು. ಬೇರೆ ಸರೋವರಕ್ಕೆ ಹೋಗುವ ಮುನ್ನ ದೋಣಿಯನ್ನು ಐದು ದಿನವಾದರೂ ಒಣಗಲು ಬಿಡುವುದು ಉತ್ತಮ. ಒಂದು ಸರೋವರದಿಂದ ತೆಗೆದ ದಕ್ಕೆಯನ್ನು ಮತ್ತೊಂದರಲ್ಲಿ ಹೂಡಬೇಕಾದರೆ 21 ದಿನ ಒಣಗಿಸಬೇಕೆಂಬುದು ಅಲ್ಲಿನ ವಿಧಿ.

ಕನ್ನಡಿಗರಿಗೆ ಇದರ ಅರ್ಥ ತಿಳಿಯುವುದು ಕಷ್ಟವಲ್ಲ. ಬೆಂಗಳೂರಿನ ಕೆರೆಗಳ ಮೇಲೆ ಹಸಿರು ಚಾಪೆ ಹಾಸಿದಂತೆ ಹಬ್ಬಿ, ನೇರಳೆ ಬಣ್ಣದ ಹೂ ಬಿಡುವ ಕಳೆಯನ್ನು, ಜನ ಅಂತರಗಂಗೆ ಎಂದು ಕರೆಯುವ ಆ ಗಿಡವನ್ನು, ಎಲ್ಲರೂ ನೋಡಿದ್ದಾರೆ. ಅದರ ಮೂಲಸ್ಥಾನ ದಕ್ಷಿಣ ಅಮೆರಿಕ. ಹೂವಿನ ಚೆಲುವಿಗೆ ಮರುಳಾದ ಮನುಷ್ಯರೇ ಅದನ್ನು ದೇಶದಿಂದ ದೇಶಕ್ಕೆ ಕೊಂಡೊಯ್ದರು. ಇಂದು ಅದನ್ನು ತೆಗೆದಷ್ಟೂ ಮತ್ತೆ ಬೆಳೆಯುತ್ತದೆ. ಅದರ ಕೆಳಗಿನ ನೀರು ಬಿಸಿಲು ಗಾಳಿಗಳಿಲ್ಲದೆ ಕೆಡುತ್ತದೆ. ತಂದವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ನೀರಿಗೆ ಬಂದ ಕೇಡುಗಳಲ್ಲಿ ಎಷ್ಟೋ ಹೀಗೆ ಸಜ್ಜನರ ಅಜಾಗರೂಕತೆಯಿಂದ ಬಂದವು.

ದೋಣಿಯನ್ನು ನಡೆಸುವ ವಿದ್ಯೆಗೆ ಈಗ ಮಿನೆಸೋಟಾದಲ್ಲಿ ಪ್ರಮಾಣಪತ್ರ ಬೇಕು. 2025ರ ಜುಲೈ 1ರಿಂದ ಜಾರಿಗೆ ಬಂದ ಶಾಸನದಂತೆ ಮೊದಲು ತರುಣರು ಸುರಕ್ಷತೆಯ ಪಾಠವನ್ನು ಓದಿ ಪರವಾನಗಿ ಪಡೆಯಬೇಕಾಯಿತು. ಈ ನಿಯಮ ಮೆಟ್ಟಿಲು ಮೆಟ್ಟಿಲಾಗಿ ವಿಸ್ತರಿಸುತ್ತ 2028ರಲ್ಲಿ 1987ರ ಜೂನ್ 30ರ ಅನಂತರ ಹುಟ್ಟಿದವರೆಲ್ಲರಿಗೂ ಅನ್ವಯಿಸುವಂತೆ ಗೊತ್ತುಮಾಡಲಾಗಿದೆ. ಒಳ್ಳೆಯ ಕ್ರಮವೇ. ಬೂಚು ತೆಗೆದಿದೆಯೇ ಎಂದು ಕಾನೂನು ನೋಡಬಲ್ಲದು. ಮಗುವಿಗೆ ಕವಚ ತೊಡಿಸಿದೆಯೇ ಎಂದೂ ನೋಡಬಲ್ಲದು. ಹಿಂದೆ ಕಾದವರ ಸಮಯದ ಬಗೆಗೆ ಮನಸ್ಸಿನಲ್ಲಿ ಎಚ್ಚರವಿದೆಯೇ ಎಂಬುದನ್ನು ನೋಡಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ. ಯಾರೂ ಕಾವಲಿಲ್ಲದ ಹಳ್ಳಿಯ ಸರೋವರದ ದಂಡೆಯಲ್ಲಿ, ಕತ್ತಲಾಗುತ್ತಿರುವಾಗ, ಗಾಲಿಗೆ ಸಿಕ್ಕಿದ ಜೊಂಡನ್ನು ಬಗ್ಗಿ ಕೀಳುವವನನ್ನು ನೋಡುವವರು ಯಾರು?

ಮಕ್ಕಳ ಮನೆಗೆ ಹೋದ ಹಿರಿಯರು ಈ ವಿಷಯದಲ್ಲಿ ಬರಿಯ ಪ್ರೇಕ್ಷಕರಾಗಿರಬೇಕಾಗಿಲ್ಲ. ಮೊಮ್ಮಕ್ಕಳ ಕೈಹಿಡಿದು ನಿಲ್ಲುವ ಕೆಲಸ ಅವರದಾಗಬಹುದು. ‘ಬೂಚು ಹಾಕಿದೆಯೇನಪ್ಪ?’ ಎಂದು ಮಗನನ್ನು ಕೇಳುವ ಹಕ್ಕು ತಂದೆಗೆ ಎಲ್ಲ ದೇಶಗಳಲ್ಲಿಯೂ ಉಂಟು. ಸಂಜೆ ಟ್ರೇಲರಿನ ಸುತ್ತ ಒಂದು ಸುತ್ತು ಬಂದು, ಅಂಟಿದ ಎಳೆಗಳನ್ನು ಕಿತ್ತುಹಾಕುವುದನ್ನು ತಾಯಿ ಮೊಮ್ಮಗಳಿಗೆ ಕಲಿಸಿದರೆ, ಆ ಹುಡುಗಿ ಅಕ್ಕಿ ಆರಿಸುವ ಶ್ರದ್ಧೆಯನ್ನೇ ಅಲ್ಲಿ ಕಲಿತಂತಾಗುತ್ತದೆ.

ಹೊಸ ದೋಣಿಯನ್ನು ಕೊಂಡವನು ದೋಣಿಗೆ ಯಜಮಾನನಾಗುತ್ತಾನೆ. ನೀರಿಗಾಗಲಿ ಇಳಿಜಾರಿಗಾಗಲಿ ಯಜಮಾನನಾಗುವುದಿಲ್ಲ. ಅವೆರಡೂ ಅವನಿಗಿಂತ ಮೊದಲು ಬಂದವರು ಕೆಡಿಸದೆ ಬಿಟ್ಟುಹೋದುದರಿಂದ ಅವನಿಗೆ ದೊರೆತಿವೆ. ಅವನು ಬಿಟ್ಟುಹೋಗುವುದು ಹೇಗಿರುತ್ತದೆಂಬುದನ್ನು ಮಾರನೆಯ ಬೆಳಿಗ್ಗೆ ಮೊದಲು ಬರುವವನು ನೋಡುತ್ತಾನೆ.